ಸಭಾಪಾಲಕರ ಮನೆ

ಹುಬ್ಬಳ್ಳಿ, ಬೆಂಗಳೂರಿನ ಕಡೆಯಿಂದ ಮುಂಬಯಿಗೆ ರೈಲಿನಲ್ಲಿ ಹೋಗುವವರಿಗೆ ಲೋಣಾವಳಾ ಎಂದರೆ ಚಿಕ್ಕಿ ಕೊಳ್ಳುವ ಊರು. 1863ರಲ್ಲಿ ಭೋರ್ ಘಾಟಿನ ರೈಲು ದಾರಿ ತೆರೆದ ಮೇಲೆ ಬೆಳೆದ ಊರದು. ನಮ್ಮಂಥ ಪಾದ್ರಿಗಳಿಗೆ ಅದರ ಪರಿಚಯ ಇನ್ನೊಂದು ಥರದ್ದು. ಬೆಟ್ಟದ ತಂಪಿದೆ, ಪುಣೆ ಮುಂಬಯಿ ಎರಡಕ್ಕೂ ಹತ್ತಿರ. ಹಾಗಾಗಿ ಚರ್ಚುಗಳ ರಿಟ್ರೀಟುಗಳಿಗೆ ಹೇಳಿಮಾಡಿಸಿದ ಜಾಗ. ಅಂಥದೊಂದು ಕೂಟದಲ್ಲಿ ಕನ್ನಡ, ಮರಾಠಿ ಸಭಾಪಾಲಕರು ಒಟ್ಟಿಗೆ ಕೂತಿದ್ದೆವು. ಹಗಲೆಲ್ಲ ಪ್ರಸಂಗ, ಪ್ರಾರ್ಥನೆ, ಸತ್ಯವೇದದ ಅಧ್ಯಯನ. ರಾತ್ರಿ ಊಟವಾದ ಮೇಲೆ ಮಾತು ತಾನಾಗಿ ಮನೆಯ ಕಡೆ ತಿರುಗಿತು. ಮಕ್ಕಳ ಶಾಲೆ, ಮುಂದಿನ ವರ್ಗ, ಸೋರುವ ಕ್ವಾರ್ಟರ್ಸು, ಹೆಂಡತಿಯ ಬೆನ್ನುನೋವು. ಆಗ ಅಹಮದನಗರದ ಕಡೆಯ ಹಿರಿಯರೊಬ್ಬರು, “ಇದನ್ನೆಲ್ಲ ಲಕ್ಷ್ಮೀಬಾಯಿ ಆಗಲೇ ಬರೆದಿಟ್ಟಿದ್ದಾರೆ” ಅಂದರು.

ಅವರು ಹೇಳಿದ್ದು ಲಕ್ಷ್ಮೀಬಾಯಿ ಟಿಳಕರ ಮರಾಠಿ ಆತ್ಮಕಥೆ ‘ಸ್ಮೃತಿಚಿತ್ರೆ’ಯ ಬಗ್ಗೆ. ಪಾದ್ರಿಯ ಮನೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ನನಗೆ ಗೊತ್ತಿರುವ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ಆಕೆಯ ಗಂಡ ನಾರಾಯಣ ವಾಮನ ಟಿಳಕರು ಚಿತ್ಪಾವನ ಬ್ರಾಹ್ಮಣರು, ಕವಿ. 1893ರಲ್ಲಿ ರೈಲಿನಲ್ಲಿ ಜೊತೆಗಿದ್ದ ಯುರೋಪಿಯನ್ ಪ್ರಯಾಣಿಕರೊಬ್ಬರು ಕೊಟ್ಟ ಹೊಸ ಒಡಂಬಡಿಕೆ ಓದತೊಡಗಿ, 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿಗೆ ಅದು ಸಿಡಿಲು ಬಡಿದಂತಾಯಿತು. ಮಗನನ್ನು ಕಟ್ಟಿಕೊಂಡು ವರ್ಷಗಟ್ಟಲೆ ದೂರವೇ ಉಳಿದರು. ಆಮೇಲೆ ಬಂದು ಸೇರಿ, ತಮ್ಮದೇ ವಿಚಾರದಿಂದ 1900ರಲ್ಲಿ ತಾವೂ ಕ್ರೈಸ್ತರಾದರು. ಟಿಳಕರಿಗೆ ಪಾದ್ರಿಯಾಗಿ ಅಭಿಷೇಕವಾದದ್ದು 1904ರಲ್ಲಿ. ದೇವರನ್ನು ನೆನೆದು ಹಾಡು ಕಟ್ಟುತ್ತಿದ್ದ ಆ ಮನುಷ್ಯನ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಕಂಡವರಿಗೆ ಕೊಟ್ಟು ಬರುತ್ತಿದ್ದರು, ಕಂಡವರನ್ನು ಮನೆಗೆ ಕರೆತರುತ್ತಿದ್ದರು. ಅವರಿಗೆಲ್ಲ ಅನ್ನ ಹಾಕಿದ್ದು, ಯಾರ ಯಾರದೋ ಮಕ್ಕಳನ್ನು ಸಾಕಿದ್ದು ಲಕ್ಷ್ಮೀಬಾಯಿ. ಶಾಲೆಯ ಮೆಟ್ಟಿಲು ಹತ್ತದೆ ಗಂಡನಿಂದ ಅಕ್ಷರ ಕಲಿತ ಅವರೇ, 1919ರಲ್ಲಿ ಟಿಳಕರು ತೀರಿಕೊಂಡ ಮೇಲೆ, ಅವರು ಅಪೂರ್ಣವಾಗಿ ಬಿಟ್ಟಿದ್ದ ‘ಕ್ರಿಸ್ತಾಯನ’ ಕಾವ್ಯಕ್ಕೆ ಅರವತ್ತನಾಲ್ಕು ಅಧ್ಯಾಯ ಬರೆದು ಮುಗಿಸಿದರು.

ಸಭಾಪಾಲಕರ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಬಿಳಿ ನಿಲುವಂಗಿ ಮತ್ತು ಭಾನುವಾರದ ಪ್ರಸಂಗ. ಆ ನಿಲುವಂಗಿಯನ್ನು ಶನಿವಾರ ರಾತ್ರಿ ಇಸ್ತ್ರಿ ಮಾಡುವ ಮನೆಯೂ ಸಭಾಪಾಲಕ ಎಂಬ ಈ ಸಂಸ್ಥೆಯ ಭಾಗ. ಬೇಕಾದರೆ ಬಹುಭಾಗವೇ ಅನ್ನುತ್ತೇನೆ.

ಕನ್ನಡ ನಾಡಿನಲ್ಲಿ ಈ ಸಂಸ್ಥೆಗೆ ಎರಡು ಶತಮಾನದ ಚರಿತ್ರೆ ಇದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಬಂದ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಸ್ಥಳೀಯ ಸಭಾಪಾಲಕರನ್ನು ತಯಾರು ಮಾಡಲು ಬಲ್ಮಠದಲ್ಲಿ 1847ರಲ್ಲಿ ಶುರುವಾದ ಸೆಮಿನರಿ, ತುಮಕೂರಿನ ಸೆಮಿನರಿಯ ಜೊತೆ ಕೂಡಿ, 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಆಯಿತು. ಇಂದಿಗೂ ಕರ್ನಾಟಕದ ಅನೇಕ ಸಭಾಪಾಲಕರು ಅಲ್ಲಿ ಓದಿ ಬಂದವರು.

ಆ ಹಳೆಯ ಮಿಷನರಿಗಳ ದೊಡ್ಡ ಕೆಲಸಗಳನ್ನು ನಾವು ಹೊಗಳುತ್ತೇವೆ. ಅವರ ಮನೆಗಳಲ್ಲಿ ಏನಾಯಿತೆಂದು ವಿಚಾರಿಸುವುದು ಕಡಿಮೆ. ಬಾಸೆಲ್ ಮಿಷನ್ನಿನವರು ಮದುವೆಯಾಗಬೇಕಾದರೆ ಕಮಿಟಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ಪರಿಚಯವೂ ಇಲ್ಲದ ವರನಿಗಾಗಿ ಹಡಗು ಹತ್ತಿ ಬಂದರು. 1853ರಲ್ಲಿ ಬಾಸೆಲ್‌ನಲ್ಲಿ ಮಕ್ಕಳ ಮನೆಯೊಂದು ತೆರೆಯಿತು. ಆಮೇಲೆ, ಇಲ್ಲಿ ಹುಟ್ಟಿದ ಮಕ್ಕಳನ್ನು ಆರು ವರ್ಷದ ಆಸುಪಾಸಿನಲ್ಲಿ ಅಲ್ಲಿಗೆ ಕಳಿಸುವುದು ನಿಯಮವಾಯಿತು. ಓದು, ಹವೆ, ಸಂಸ್ಕಾರ ಎಂದು ಕಾರಣಗಳಿದ್ದವು. ಆದರೆ ಮಗುವನ್ನು ಹಡಗು ಹತ್ತಿಸಿ ಬಂದ ತಾಯಿ ಮರುದಿನ ಬೆಳಿಗ್ಗೆ ಶಾಲೆಯ ಹುಡುಗಿಯರಿಗೆ ಹೊಲಿಗೆ ಹೇಳಿಕೊಡಲು ಕೂರಬೇಕಿತ್ತು. ಅದೇ ಮಿಷನ್ನಿನ ನಮ್ಮ ಕಿಟ್ಟೆಲರು 1894ರ ಕನ್ನಡ–ಇಂಗ್ಲಿಷ್ ನಿಘಂಟಿಗೆ ಎಪ್ಪತ್ತು ಸಾವಿರ ಪದ ಕೂಡಿಸಿದವರು. ಮದುವೆಯಾಗಿ ಕೆಲವೇ ವರ್ಷಕ್ಕೆ ಹೆಂಡತಿ ಪೌಲಿನಾ ತೀರಿಕೊಂಡರು, ಮುಂದೆ ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು. ದೇವರ ಸೇವೆಗೆ ಮಕ್ಕಳನ್ನು ಹೀಗೆ ಅಗಲಲೇಬೇಕಿತ್ತು ಎಂದು ನಾನು ಒಪ್ಪಲಾರೆ. ಆ ಮಕ್ಕಳು ತೆತ್ತ ಬೆಲೆಯನ್ನು ಯಾವ ಶತಮಾನೋತ್ಸವದ ಸಂಚಿಕೆಯೂ ಲೆಕ್ಕ ಹಾಕಿದ್ದು ನಾನು ಕಂಡಿಲ್ಲ.

ಈಗ ಆರಾಧನೆಗೆ ಬರುತ್ತೇನೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಜನರ ಬಾಯಲ್ಲಿ ಅದು ಸಿಎಸ್‌ಐ. ಬೇರೆ ಬೇರೆ ಪದ್ಧತಿಯವರು ಒಂದೇ ಮೇಜಿನ ಸುತ್ತ ನಿಲ್ಲಬೇಕಾದಾಗ ಹೊಸ ಆರಾಧನಾ ಕ್ರಮ ಬೇಕಾಯಿತು. 1950ರಲ್ಲಿ ಕರ್ತನ ಭೋಜನದ ಕ್ರಮ ಸಿದ್ಧವಾಯಿತು. ಅದರಲ್ಲಿ ಎರಡು ಸಂಗತಿ ಲೋಕದ ಸಭೆಗಳ ಗಮನ ಸೆಳೆದವು. ಒಂದು, ಸಭಾಪಾಲಕ ಜನರಿಗೆ ಬೆನ್ನು ಹಾಕದೆ, ಮೇಜಿನ ಹಿಂದೆ ಅವರಿಗೆ ಎದುರಾಗಿ ನಿಲ್ಲುವುದು. ಇನ್ನೊಂದು, ಸಮಾಧಾನ ಹಂಚುವುದು. ಕೇರಳದ ಸುರಿಯಾನಿ ಸಭೆಗಳ ಹಳೆಯ ರೂಢಿಯಿಂದ ಬಂದದ್ದು ಇದು. ಸಭಾಪಾಲಕ ಹತ್ತಿರದವರ ಜೋಡಿಸಿದ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿಯುತ್ತಾನೆ, ಅವರು ಮುಂದಿನವರದನ್ನು, ಹೀಗೆ ಸಾಲಿನಿಂದ ಸಾಲಿಗೆ ಕೊನೆಯ ಬೆಂಚಿನ ತನಕ. ಗದ್ದೆಯ ಗಡಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಒಂದೇ ಬೆಂಚಿನಲ್ಲಿ ಕೂತಿದ್ದರೆ ಏನಾಗುತ್ತದೆ? ಒಮ್ಮೆ ತಮ್ಮ ಕೈ ಚಾಚಿದ, ಅಣ್ಣ ಒಂದು ಕ್ಷಣ ಪುಸ್ತಕ ನೋಡುತ್ತ ಕೂತ, ಆಮೇಲೆ ಹಿಡಿದ. ಕೇಸು ಮುಂದೆಯೂ ನಡೆಯಿತು. ಆದರೂ ಆ ಭಾನುವಾರದ ನನ್ನ ಪ್ರಸಂಗಕ್ಕಿಂತ ಆ ಕೈ ಹೆಚ್ಚು ಹೇಳಿತು ಎಂದೇ ನಾನು ನಂಬಿದ್ದೇನೆ.

ಸಭಾಪಾಲಕನ ವಾರ ಭಾನುವಾರ ಮಧ್ಯಾಹ್ನಕ್ಕೆ ಮುಗಿಯುವುದಿಲ್ಲ. ಮನೆ ಭೇಟಿ, ಆಸ್ಪತ್ರೆ, ಅರ್ಧರಾತ್ರಿಯ ಫೋನು, ಸಾವಿನ ಮನೆ, ಮದುವೆಯ ಮಾತುಕತೆ, ಮರುಮಾತಿಲ್ಲದೆ ಸಹಿ ಹಾಕಬೇಕಾದ ಪತ್ರಗಳು. ಗುಡ್ ಫ್ರೈಡೆಯ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಶಿಲುಬೆಯ ಏಳು ಮಾತುಗಳ ಧ್ಯಾನ. ಕ್ರಿಸ್ಮಸ್ ಬಂದರೆ ಮನೆಮನೆಗೆ ಕ್ಯಾರಲ್. ಊರಿಗೆಲ್ಲ ಹಾಡಿ ಅಪ್ಪ ಮನೆ ಸೇರುವ ಹೊತ್ತಿಗೆ ಸ್ವಂತ ಮಕ್ಕಳು ಮಲಗಿರುತ್ತಾರೆ.

ಮಕ್ಕಳು ಕಾಯುವ ಹಬ್ಬ ಬೆಳೆಹಬ್ಬ. ಒಂದೊಂದು ಊರಿನಲ್ಲಿ ಒಂದೊಂದು ಕಾಲ. ಜನ ತಮ್ಮ ಮೊದಲ ಫಲ ತರುತ್ತಾರೆ: ತೆನೆ, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಹುಂಜ, ಬುಟ್ಟಿಯಲ್ಲಿ ಮೊಟ್ಟೆ, ಮನೆಯಲ್ಲೇ ಮಾಡಿದ ಕೇಕು. ಆರಾಧನೆಯಾದ ಮೇಲೆ ಅಂಗಳದಲ್ಲಿ ಹರಾಜು. ಕುಂಬಳಕಾಯಿಯೊಂದನ್ನು ಪೇಟೆಯ ದರದ ಹತ್ತು ಪಟ್ಟಿಗೆ ಕೂಗಿ ಕೊಂಡವರು ಅದನ್ನು ಮತ್ತೆ ಮೇಜಿನ ಮೇಲಿಟ್ಟು “ಇನ್ನೊಮ್ಮೆ ಕೂಗಿ” ಅನ್ನುತ್ತಾರೆ. ಅದೇ ಕಾಯಿ ಮೂರು ನಾಲ್ಕು ಮನೆಯವರ ಹೆಸರಿಗೆ ಹೋಗಿ ಬಂದು, ಕಡೆಗೆ ಸಭೆಯ ಅಡುಗೆಗೆ ಸೇರುತ್ತದೆ. ಕೂಲಿ ಮಾಡುವ ಅಜ್ಜಿ ತಂದ ಎರಡು ಮೊಟ್ಟೆಯನ್ನು ದೊಡ್ಡ ವ್ಯಾಪಾರಸ್ಥರು ಹಟ ಹಿಡಿದು ಕೂಗುವುದನ್ನು ನೋಡಬೇಕು. ಕೊಡುವ ವಿಷಯದಲ್ಲಿ ಅಜ್ಜಿಗೂ ಅವರಿಗೂ ಆ ಒಂದು ದಿನ ವ್ಯತ್ಯಾಸವಿರುವುದಿಲ್ಲ.

ಕನ್ನಡದಲ್ಲಿ ಸಭಾಪಾಲಕನೊಬ್ಬ ಎಷ್ಟು ದೂರ ನಡೆಯಬಹುದು ಎಂಬುದಕ್ಕೆ ರೆವರೆಂಡ್ ಉತ್ತಂಗಿ ಚನ್ನಪ್ಪನವರಿದ್ದಾರೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಬಾಸೆಲ್ ಮಿಷನ್ನಿನ ಪಾದ್ರಿಯಾದರು. ಊರೂರು ತಿರುಗುವ ಸೇವೆಯ ನಡುವೆಯೇ ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದ, ಹಸ್ತಪ್ರತಿಗಳಿಂದ ಕೂಡಿಸಿದರು. 1924ರಲ್ಲಿ ಅದು ಪುಸ್ತಕವಾಯಿತು. ‘ತಿರುಳ್ಗನ್ನಡದ ತಿರುಕ’ ಎಂದು ತಮ್ಮನ್ನು ಕರೆದುಕೊಂಡರು. ಶರಣರ ವಚನಗಳನ್ನು ಸಂಪಾದಿಸಿದರು, ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರಿಸ್ತನನ್ನು ಹಿಡಿದವರು ಬಸವಣ್ಣನನ್ನು ಬಿಡಬೇಕಿಲ್ಲ ಎಂದು ಬದುಕಿ ತೋರಿಸಿದ ಆ ಮನುಷ್ಯ ನನ್ನ ಗುರು.

ಆ ಹಳೆಯ ಮಿಷನರಿಗಳ ಮನೆಗಳಿಗಿಂತ ಇಂದಿನ ಸಭಾಪಾಲಕರ ಮನೆಗಳು ಬೇರೆ. ಕೆಲವೇ ವರ್ಷಕ್ಕೊಮ್ಮೆ ವರ್ಗದ ಪತ್ರ ಬರುತ್ತದೆ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬಂದರೆ, ಅವಳೂ ಅವಳ ಅಮ್ಮನೂ ಹಳೇ ಊರಿನಲ್ಲಿ ಉಳಿಯುತ್ತಾರೆ, ಅಪ್ಪ ಹೊಸ ಊರಿನಲ್ಲಿ ಒಬ್ಬರೇ ಅನ್ನ ಬೇಯಿಸಿಕೊಳ್ಳುತ್ತಾರೆ. ಪಾದ್ರಿಯ ಹೆಂಡತಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುತ್ತಿದ್ದರೂ ಸ್ತ್ರೀಯರ ಕೂಟ ನಡೆಸಬೇಕು, ಸಂಡೇ ಸ್ಕೂಲಿಗೆ ಬರಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಚಹಾ ಕೊಡಬೇಕು ಎಂದು ಸಭೆ ಬಯಸುತ್ತದೆ. ಸಂಬಳ ಒಬ್ಬರಿಗೆ, ಸೇವೆ ಇಬ್ಬರದು. ನನ್ನ ಹೆಂಡತಿ ಒಮ್ಮೆ, “ನಿಮ್ಮನ್ನ ಅಭಿಷೇಕ ಮಾಡಿದಾಗ ನನ್ನನ್ನೂ ಒಂದು ಮಾತು ಕೇಳಬೇಕಿತ್ತು” ಅಂದಳು. ನ್ಯಾಯವಾದ ಮಾತು. ಸಭೆಗಳ ಕಮಿಟಿಗಳು ಸಭಾಪಾಲಕರ ವರ್ಗವನ್ನು ಮಕ್ಕಳ ಪರೀಕ್ಷೆ ನೋಡಿಕೊಂಡು ಮಾಡಿದರೆ, ವಾರಕ್ಕೊಂದು ದಿನ ಆ ಮನೆಯ ಬಾಗಿಲನ್ನು ಆ ಮನೆಯವರಿಗೇ ಬಿಟ್ಟರೆ, ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಸಿಎಸ್‌ಐನಲ್ಲಿ 1970ರ ದಶಕದಿಂದ ಸ್ತ್ರೀಯರಿಗೂ ಅಭಿಷೇಕವಾಗುತ್ತಿದೆ. ಕನ್ನಡದ ಸಭೆಗಳಲ್ಲೂ ಈಗ ಸಭಾಪಾಲಕಿಯರು ಪೀಠ ಹತ್ತಿ ಪ್ರಸಂಗ ಮಾಡುತ್ತಾರೆ, ರೊಟ್ಟಿ ಮುರಿದು ಕೊಡುತ್ತಾರೆ. ಲೋಣಾವಳಾದ ಕೂಟಕ್ಕೂ ಅಂಥವರೊಬ್ಬರು ಬಂದಿದ್ದರು. ಅವರ ಯಜಮಾನರು ಊರಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿ, ಆ ವಾರದ ಬೆಳೆಹಬ್ಬದ ಹರಾಜಿಗೆ ಮೇಜು ಕುರ್ಚಿ ಹೊಂದಿಸುತ್ತಿದ್ದರು.