ಕಸದಿಂದ ಉರುವಲು



ಸುಗ್ಗಿ ಮುಗಿದ ಬಳಿಕ ಹಾವೇರಿಯಿಂದ ರಾಣೇಬೆನ್ನೂರಿನ ಕಡೆಗೆ ಹೋಗುವವರಿಗೆ ಎರಡು ನೋಟಗಳು ಕಾಣಬರುವವು. ಒಂದೆಡೆ ಕಾಳು ಬಿಡಿಸಿದ ಗೋವಿನಜೋಳದ ದಿಂಡುಗಳೂ ಕಿತ್ತು ಒಟ್ಟಿದ ಹತ್ತಿಯ ಕಟ್ಟಿಗೆಯೂ ಹೊಲದ ಬದುವಿನಲ್ಲಿ ವ್ಯರ್ಥವಾಗಿ ಉರಿದುಹೋಗುತ್ತಿರುವವು. ಇನ್ನೊಂದೆಡೆ ಹೆಂಗಸರು ಜಾಲಿಯ ಕಟ್ಟಿಗೆಯ ಹೊರೆಯನ್ನು ಹೊತ್ತು ಮನೆಗೆ ಮರಳುತ್ತಿರುವರು. ಅಡಿಗೆಗೆ ಅನಿಲದ ಒಲೆ ಬಂದ ಮನೆಗಳಲ್ಲಿಯೂ ಸ್ನಾನದ ನೀರು ಕಾಯಿಸಲು ಕಟ್ಟಿಗೆಯೇ ಬೇಕಾಗುವದುಂಟು. ಹೊಲದಲ್ಲಿ ಸುಡುವ ಕಸವನ್ನೇ ಒಲೆಗೆ ತಂದರಾಗದೇ?

ಆಗುವದು, ಆದರೆ ಕಸವು ಇದ್ದ ಸ್ಥಿತಿಯಲ್ಲಿ ಅಲ್ಲ. ಬಿಡಿ ಹೊಟ್ಟು ಅತಿ ಹಗುರವಾದದ್ದು. ಒಂದು ಘನ ಮೀಟರಿನಷ್ಟು ಸ್ಥಳದಲ್ಲಿ ಅದು ಸುಮಾರು 100 ಕಿಲೋಗ್ರಾಮು ಮಾತ್ರ ಹಿಡಿಯುವದು. ಸಾಗಿಸಲು ವೆಚ್ಚ ಹೆಚ್ಚು. ಒಲೆಯಲ್ಲಿ ಹಾಕಿದೊಡನೆ ಭಗ್ಗನೆ ಉರಿದು ಬೂದಿಯಾಗುವದು. ಅದನ್ನೇ ಒತ್ತಿ ಗಟ್ಟಿ ಮಾಡಿದರೆ ಅಷ್ಟೇ ಗಾತ್ರದ ಗಟ್ಟಿಯು 1,000 ಕಿಲೋಗ್ರಾಮಿಗೂ ಮಿಕ್ಕಿ ತೂಗಬಹುದು. ಇದಕ್ಕೆ ಬ್ರಿಕೆಟ್ ಎಂದು ಹೆಸರು. ಒತ್ತುವದರಿಂದ ಹೊಸ ಶಾಖವೇನೂ ಹುಟ್ಟದು. ಇದ್ದ ಶಾಖವು ಚಿಕ್ಕ ಗಾತ್ರದಲ್ಲಿ ಅಡಕವಾಗಿ, ನಿಧಾನವಾಗಿ ಹೊರಬೀಳುವದು, ಅಷ್ಟೇ.

ಕಾರಖಾನೆಗಳಲ್ಲಿ ಹತ್ತಿಯ ಕಟ್ಟಿಗೆ, ಶೇಂಗಾ ಸಿಪ್ಪೆ ಮೊದಲಾದವುಗಳನ್ನು ಒಣಗಿಸಿ, ಪುಡಿ ಮಾಡಿ, ಯಂತ್ರದ ಕೊಳವೆಯೊಳಗೆ ಬಲವಾಗಿ ತುರುಕುವರು. ಘರ್ಷಣದ ಬಿಸಿಗೆ ಸಸ್ಯದೊಳಗಿನ ಲಿಗ್ನಿನ್ ಎಂಬ ದ್ರವ್ಯವು ಮೆತ್ತಗಾಗಿ, ಆರಿದ ಮೇಲೆ ಅಂಟಿನಂತೆ ಬಿಗಿಯುವದು. ಬೇರೆ ಅಂಟು ಬೇಡ. ಆದರೆ ತೇವವು ನೂರಕ್ಕೆ ಹತ್ತರ ಆಚೀಚೆ ಇರತಕ್ಕದ್ದು. ಹೆಚ್ಚಾದರೆ ಒಳಗೆ ಉಗಿಯೆದ್ದು ಗಟ್ಟಿಯು ಬಿರಿಯುವದು. ಅಮೇರಿಕದ ಹೆನ್ರಿ ಫೋರ್ಡನು 1920ರ ದಶಕದಲ್ಲಿ ತನ್ನ ಮೋಟಾರು ಉದ್ಯಮದ ಮರದ ಚೂರುಗಳನ್ನು ಇದ್ದಿಲು ಮಾಡಿಸಿ, ಪಿಷ್ಟ ಬೆರೆಸಿ, ಬಿಲ್ಲೆಗಳಾಗಿ ಒತ್ತಿಸಿ ಮಾರಿದನು.

ಈ ಎರಡನೆಯ ಕ್ರಮವು ಮನೆಯಲ್ಲಿಯೂ ಸಾಧ್ಯ. ಬಯಲಿನಲ್ಲಿ ತಗಡಿನ ಪೀಪಾಯಿಯೊಂದರಲ್ಲಿ ಒಣ ದಿಂಡುಗಳನ್ನು ಹೊತ್ತಿಸಿ, ಚೆನ್ನಾಗಿ ಉರಿ ಹಿಡಿದ ಮೇಲೆ ಮುಚ್ಚಿ ಗಾಳಿಯನ್ನು ತಡೆಯಬೇಕು. ಪೂರ್ತಿ ಆರಿದ ಬಳಿಕ ದೊರೆತ ಇದ್ದಿಲನ್ನು ಕುಟ್ಟಿ, ಹತ್ತು ಪಾಲಿಗೆ ಒಂದು ಪಾಲು ಕೆಟ್ಟ ಹಿಟ್ಟನ್ನು ಗಂಜಿಯಾಗಿ ಕಾಸಿ ಬೆರೆಸಿ, ಉಂಡೆ ಕಟ್ಟಿ, ಒಳಗಿನ ತನಕ ಒಣಗುವಂತೆ ಬಿಸಿಲಿಗಿಡಬೇಕು. ಇವು ಕಟ್ಟಿಗೆಗಿಂತ ಬಹಳ ಕಡಿಮೆ ಹೊಗೆಯಿಂದ ಉರಿಯುವವು. ಆದರೆ ಹೊಗೆ ಕಾಣದೆಂದು ನಂಬಿ ಮುಚ್ಚಿದ ಕೋಣೆಯಲ್ಲಿ ಎಂದಿಗೂ ಉರಿಸಲಾಗದು. ಕಾರ್ಬನ್ ಮೊನಾಕ್ಸೈಡ್ ಎಂಬ, ಬಣ್ಣವೂ ವಾಸನೆಯೂ ಇಲ್ಲದ ವಿಷವಾಯು ಮಲಗಿದವರ ಪ್ರಾಣವನ್ನೇ ಅಪಹರಿಸಬಲ್ಲದು.

ಯಾವ ಕಸ ಒಲೆಗೆ ಯೋಗ್ಯವೆಂಬ ವಿವೇಕವೂ ಅವಶ್ಯ. ಜೋಳದ ಕಣಕಿ ದನಗಳ ಪಾಲು. ಸಗಣಿ ಮಣ್ಣಿನ ಪಾಲು. ಅದನ್ನು ಕುಳ್ಳು ತಟ್ಟಿ ಸುಟ್ಟರೆ ಹೊಲವು ಗೊಬ್ಬರಕ್ಕೆ ಎರವಾಗುವದು. ಕಾಯಿಪಲ್ಲೆಯ ಹಸಿ ಸಿಪ್ಪೆ ತಿಪ್ಪೆಗೇ ಸೇರಲಿ. ಬ್ಯಾಡಗಿಯಲ್ಲಿ ಹೆಂಗಸರು ಕೈಯಿಂದ ಬಿಡಿಸುವ ಮೆಣಸಿನಕಾಯಿಯ ತೊಟ್ಟನ್ನೂ ಅಡಿಗೆಮನೆಗೆ ತರಲಾಗದು. ಕಾಯಿಯ ಚೂರು ಬೆರೆತಿದ್ದರೆ ಅದರ ಘಾಟು ಎಂಥದೆಂಬುದನ್ನು ಒಗ್ಗರಣೆ ಹಾಕಿದವರೆಲ್ಲ ಬಲ್ಲರು. ಹತ್ತಿಯ ಕಟ್ಟಿಗೆಯ ಮಾತು ಬೇರೆ. ಅದು ಹೊಲದಲ್ಲಿಯೇ ನಿಂತರೆ ಗುಲಾಬಿ ಕಾಯಿಕೊರಕ ಹುಳಕ್ಕೆ ಆಶ್ರಯವಾಗುವದು. ಬೇಗನೆ ಕಿತ್ತು ಉರುವಲಾಗಿಸಿದರೆ ಹೊಲಕ್ಕೂ ಒಲೆಗೂ ಹಿತ.

ಆದುದರಿಂದ ದನಕ್ಕೂ ಮಣ್ಣಿಗೂ ಸಲ್ಲತಕ್ಕದ್ದನ್ನು ಮೊದಲು ಸಲ್ಲಿಸಿ, ಉಳಿದುದನ್ನು ಒಲೆಗೆ ಒದಗಿಸುವದೇ ಕ್ರಮವು. ಹಾಗೆ ಮಾಡಿದರೆ ಬದುವಿನ ಬೆಂಕಿಯೂ ತಾಯಂದಿರ ತಲೆಯ ಹೊರೆಯೂ ಒಟ್ಟಿಗೆ ಕಡಿಮೆಯಾದಾವು.