ಗಡ್ಡೆ ತೆಗೆದರೂ ಮತ್ತೆ ಯಾಕೆ ಬರುತ್ತದೆ?

“ಆಪರೇಷನ್ ಚೆನ್ನಾಗಿ ಆಗಿದೆ ಅಂದಿದ್ರು. ಎಂಟು ತಿಂಗಳಲ್ಲಿ ಮತ್ತೆ ಬಂತಲ್ಲ, ನಾವೇ ತಡ ಮಾಡಿದ್ವಾ?” ಬಾರಾಮತಿಯಲ್ಲಿ ನೆಲೆಸಿರುವ ನಮ್ಮ ಕಡೆಯವರೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಅವರ ಅಣ್ಣನಿಗೆ ಗ್ಲಿಯೋಬ್ಲಾಸ್ಟೋಮ, ಅಂದರೆ ಮಿದುಳಿನ ಅತ್ಯಂತ ಉಗ್ರ ಗಡ್ಡೆಗಳಲ್ಲೊಂದು. ಮನೆಯಲ್ಲಿ ಕೆಲವರು ಡಾಕ್ಟರ ಕೈತಪ್ಪು ಅನ್ನುತ್ತಿದ್ದರು, ಕೆಲವರು ಸಿಹ್ರ್ ಅನ್ನುತ್ತಿದ್ದರು. ಈ ಕಾಯಿಲೆ ಮರಳಿ ಬರಲು ಇದ್ಯಾವುದೂ ಬೇಕಾಗಿಲ್ಲ.

ಬಾಳೆ ಕಡಿದರೂ ಬುಡದಿಂದ ಕಂದು ಏಳುತ್ತದಲ್ಲ, ಹಾಗೆ. ಗಡ್ಡೆಯ ಕೋಶಗಳೆಲ್ಲ ಒಂದೇ ಬಗೆಯವಲ್ಲ. ಅವುಗಳಲ್ಲಿ ಕೆಲವು ಕಾಂಡಕೋಶಗಳಂತೆ, ಅಂದರೆ ಸ್ಟೆಮ್ ಸೆಲ್‌ಗಳಂತೆ, ತಮ್ಮನ್ನೂ ಉಳಿಸಿಕೊಂಡು ಇಡೀ ಗಡ್ಡೆಯನ್ನೂ ಹೊಸದಾಗಿ ಕಟ್ಟಬಲ್ಲವು. 2004ರಲ್ಲಿ ಟೊರಾಂಟೊದ ವಿಜ್ಞಾನಿಗಳು ಸಿಡಿ133 ಎಂಬ ಗುರುತಿದ್ದ ಬರೀ 100 ಕೋಶಗಳನ್ನು ಇಲಿಯ ಮಿದುಳಿಗೆ ಹಾಕಿದಾಗ ಗಡ್ಡೆ ಬೆಳೆಯಿತು. ಗುರುತಿಲ್ಲದ 1 ಲಕ್ಷ ಕೋಶ ಹಾಕಿದರೂ ಬೆಳೆಯಲಿಲ್ಲ. (ಆ ಗುರುತೊಂದನ್ನೇ ನಂಬುವಂತಿಲ್ಲ ಎಂದು ಆಮೇಲೆ ತಿಳಿಯಿತು.) ಬಾರಾಮತಿಗೆ ಹತ್ತಿರದ ಪುಣೆಯಲ್ಲೇ, ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ, ಅಂಜಲಿ ಶಿರಾಸ್ ಮತ್ತು ಸಂಗಡಿಗರು ಗಡ್ಡೆ ಹುಟ್ಟಿಸದ ಕಾಂಡಕೋಶಗಳು ಕ್ಯಾನ್ಸರ್ ಕಾಂಡಕೋಶಗಳಾಗಿ ಬದಲಾಗುವುದನ್ನು 2007ರಲ್ಲಿ ವರದಿ ಮಾಡಿದರು.

ಇವುಗಳನ್ನು ಹೀಗೆ ಇರಿಸುವುದು ಕೋಶಗಳ ನಡುವಿನ ಸಂದೇಶಗಳು. ನಾಚ್ ಎಂಬುದನ್ನೇ ನೋಡಿ. ಹಣ್ಣುನೊಣದ ರೆಕ್ಕೆಯಂಚಿನಲ್ಲಿ ಕಚ್ಚು ಕಂಡು ಇಟ್ಟ ಹೆಸರದು. ಇದರಲ್ಲಿ ಸುದ್ದಿ ದಾಟೋದು ಮೈಗೆ ಮೈ ತಾಗಿದರೆ ಮಾತ್ರ. ಪಕ್ಕದ ಕೋಶದ ಪ್ರೋಟೀನು ನಾಚ್‌ಗೆ ಅಂಟಿ ಎಳೆಯುತ್ತದೆ, ಕತ್ತರಿಯಂಥ ಕಿಣ್ವ ಅದನ್ನು ತುಂಡರಿಸುತ್ತದೆ, ಒಳಗಿನ ತುಂಡು ನೇರ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ. ಸಂದೇಶ ಇಷ್ಟೇ: ಈಗಲೇ ಬಲಿಯಬೇಡ, ಕಾಂಡಕೋಶವಾಗಿಯೇ ಇರು. ಗರ್ಭದಲ್ಲಿ ಮಗುವಿನ ಮಿದುಳು ಬೆಳೆಯಲು ಇದೇ ಮಾತು ಬೇಕು. ಗಡ್ಡೆ ಅದನ್ನೇ ಎರವಲು ಪಡೆಯುತ್ತದೆ.

ಶಸ್ತ್ರಚಿಕಿತ್ಸಕರು ಕಣ್ಣಿಗೆ ಕಂಡದ್ದನ್ನು ತೆಗೆಯುತ್ತಾರೆ. ಆದರೆ ಕೋಶಗಳು ಅದಾಗಲೇ ಸುತ್ತಲಿನ ಆರೋಗ್ಯವಂತ ಮಿದುಳಿಗೆ ತೆವಳಿರುತ್ತವೆ. ಇನ್ನಷ್ಟು ಕೊಯ್ದರೆ ಮಾತೋ ಕೈಕಾಲೋ ಹೋದೀತು. ಕಿರಣ ಚಿಕಿತ್ಸೆ ಕೊಟ್ಟರೆ, ಈ ಕೋಶಗಳು ಮುರಿದ ಡಿಎನ್‌ಎಯನ್ನು ಬೇಗನೆ ರಿಪೇರಿ ಮಾಡಿಕೊಳ್ಳುತ್ತವೆಂದು 2006ರ ಅಧ್ಯಯನವೊಂದು ತೋರಿಸಿತು. ಕಿರಣದ ಜೊತೆ ಟೆಮೊಜೊಲೊಮೈಡ್ ಮಾತ್ರೆ ಕೊಟ್ಟಾಗ ರೋಗಿಗಳ ಮಧ್ಯಕ ಆಯುಷ್ಯ 12.1 ತಿಂಗಳಿಂದ 14.6 ತಿಂಗಳಿಗೆ ಏರಿತೆಂದು 2005ರಲ್ಲಿ ಗೊತ್ತಾಯಿತು. ಎರಡೂವರೆ ತಿಂಗಳು ಅಂದರೆ ಸಣ್ಣದಲ್ಲ, ಆ ಮನೆಯವರನ್ನು ಕೇಳಿ.

ಹಾಗಾದರೆ ನಾಚ್‌ನ ಕತ್ತರಿಯನ್ನೇ ತಡೆಯಬಾರದೇ? ತಡೆದು ನೋಡಿದ್ದಾರೆ. ನಮ್ಮ ಕರುಳಿನ ಒಳಪದರವೂ ದಿನದಿನ ಹೊಸದಾಗಲು ಅದೇ ನಾಚ್ ಬೇಕಲ್ಲ, ಔಷಧ ಕೊಟ್ಟವರಿಗೆ ಭೇದಿ ಹಿಡಿಯಿತು. ಕೊಲ್ಲುವ ಬದಲು ‘ಬಲಿತುಬಿಡು’ ಎಂಬ ಸಂದೇಶ ಕಳಿಸುವ ದಾರಿಯೂ ಇದೆ: 2006ರಲ್ಲಿ ಇಟಲಿಯ ತಂಡವೊಂದು ಬಿಎಂಪಿ4 ಎಂಬ ಪ್ರೋಟೀನು ಕೊಟ್ಟಾಗ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿತು. ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಮಾತ್ರ ಉದ್ದದ್ದು.