ತೇಕ್ಕಡಿಯಲ್ಲಿ ಮಗುಚಿದ ಜಲಕನ್ಯಕಾ

ಬೈಲಕುಪ್ಪೆ, ಹುಣಸೂರು ಸೀಮೆಯ ಸದ್ಗೃಹಸ್ಥರು ರಜೆಯ ದಿನಗಳಲ್ಲಿ ಮಕ್ಕಳೊಡನೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿಗೆ ತೆರಳಿ, ದೋಣಿಯಲ್ಲಿ ಕುಳಿತು ಕಾಡಾನೆಗಳನ್ನು ಕಂಡುಬರುವುದುಂಟು. ಇಂತಹುದೇ ಮತ್ತೊಂದು ಜಲಾಶಯ ನೆರೆಯ ಕೇರಳದ ತೇಕ್ಕಡಿಯಲ್ಲಿದೆ. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ ಉಂಟಾದ ಸರೋವರವದು. ಅಲ್ಲಿಯೂ ಜನರು ದೋಣಿಯಿಂದಲೇ ವನ್ಯಮೃಗಗಳನ್ನು ನೋಡುತ್ತಾರೆ.

2009ರ ಸೆಪ್ಟೆಂಬರ್ 30ರಂದು ಆ ಸರೋವರದಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಜಲಕನ್ಯಕಾ’ ಎಂಬ ಎರಡಂತಸ್ತಿನ ದೋಣಿಯು ಮಗುಚಿ 45 ಮಂದಿ ಅಸುನೀಗಿದರು. ದಡದಲ್ಲಿ ಕಾಣಿಸಿಕೊಂಡ ಮೃಗಗಳನ್ನು ನೋಡುವ ಆತುರದಲ್ಲಿ ಪ್ರಯಾಣಿಕರು ಒಂದೇ ಮಗ್ಗುಲಿಗೆ ಸರಿದದ್ದು ಅನರ್ಥಕ್ಕೆ ಕಾರಣವಾಯಿತೆಂದು ಅಂದು ವರದಿಯಾಯಿತು.

ಇದರ ಮರ್ಮವು ಸರಳವಾದುದು. ಭಾರವು ತಳದಲ್ಲಿದ್ದರೆ ಓಲಿದ ದೋಣಿಯು ಮತ್ತೆ ನೆಟ್ಟಗಾಗುತ್ತದೆ. ಜನರು ಮೇಲಂತಸ್ತಿನಲ್ಲಿ ತುಂಬಿದಷ್ಟೂ ಆ ಶಕ್ತಿಯು ಕುಂದುತ್ತದೆ. ಆಗ ಎಲ್ಲರೂ ಒಂದು ಪಕ್ಕಕ್ಕೆ ಬಂದರೆ ವಾಲಿದ ದೋಣಿಯು ಹಿಂದಿರುಗುವುದಿಲ್ಲ. ನೀರು ಶಾಂತವಾಗಿದ್ದರೂ ಈ ನಿಯಮ ತಪ್ಪದು. ದೋಣಿಯು ಮಗುಚಿದ ಮೇಲೆ ರಕ್ಷಾಕವಚವನ್ನು ಹುಡುಕಿ ಧರಿಸಲು ಅವಕಾಶವಿರುವುದಿಲ್ಲ.

ಆದುದರಿಂದ ದೋಣಿಯನ್ನೇರುವ ಮುನ್ನ ಅದರಲ್ಲಿ ಎಷ್ಟು ಜನರಿಗೆ ಅನುಮತಿಯಿದೆಯೆಂದು ಕೇಳುವುದು ಹಿರಿಯರ ಕರ್ತವ್ಯ. ರಕ್ಷಾಕವಚವನ್ನು ಮೊದಲು ಮಕ್ಕಳಿಗೆ ತೊಡಿಸಿ, ಬಳಿಕ ತಾವೂ ತೊಡಬೇಕು. ಆನೆ ಕಂಡಿತೆಂದು ಯಾರೇ ಕೂಗಿದರೂ ಕುಳಿತಲ್ಲಿಂದ ಏಳಬಾರದು. ಜನ ಮಿತಿಮೀರಿದ್ದರೆ ಸಂಕೋಚಪಡದೆ ಇಳಿದುಬಿಡಬೇಕು. ಆನೆಯನ್ನು ಇನ್ನೊಂದು ದಿನ ನೋಡಬಹುದು. ಹೋದ ಜೀವವು ಮರಳದು.